ಪೆಟ್ರೋಲ್ ವಾಸನೆಯ ಕಾರು

ರಿಪೇರಿಗೆ ಕೊಟ್ಟ ವಸ್ತು ಕೊಟ್ಟ ಹಾಗೇ ವಾಪಸ್ ಬಂದರೂ ಪುಣ್ಯ ಅನ್ನುವ ಕಾಲ ಇದು. ನನಗೆ ಆ ಪುಣ್ಯವೂ ಇಲ್ಲ. ಮಿಕ್ಸಿ ಕೊಟ್ಟರೆ ಯಾರದ್ದೋ ಮುಚ್ಚಳ ಬರುತ್ತದೆ, ಫ್ಯಾನ್ ಕೊಟ್ಟರೆ ಉಲ್ಟಾ ತಿರುಗುತ್ತದೆ. ಈ ಸಲ ಕಾರು. ಟ್ಯಾಂಕಿನಿಂದ ಪೆಟ್ರೋಲ್ ಎತ್ತುವ ಮೋಟರು ಹೋಗಿತ್ತು. ಸಾಗರದ ಗ್ಯಾರೇಜಿನವರು ಹೊಸ ಮೋಟರು ಹಾಕಿ ಕೊಟ್ಟರು, ಜೊತೆಗೆ ಕಾರಿನ ತುಂಬ ಪೆಟ್ರೋಲ್ ವಾಸನೆಯನ್ನೂ ತುಂಬಿಸಿ ಕೊಟ್ಟರು.

೧. ಮೂಗು

ಮರುದಿನವೇ ಅತ್ತೆಯನ್ನು ಕೂರಿಸಿಕೊಂಡು ಗ್ಯಾರೇಜಿಗೆ ಹೋದೆ.

"ಸಾರ್ ಬರ್ಲಿಲ್ವಾ ಮೇಡಂ?" ಅಂದರು ಗ್ಯಾರೇಜಿನವರು.

ಮೈಯೆಲ್ಲ ಉರಿಯಿತು. ನಮ್ಮನೆ ಸಾರ್‌ಗೆ ಸೈಕಲ್ ಬಿಟ್ಟು ಬೇರೇನೂ ಓಡಿಸಲು ಬರುವುದಿಲ್ಲ.

"ಕಾರು ನಂದು, ಮೂಗೂ ನಂದು. ನಂಗೇ ಹೇಳಿ" ಅಂದೆ.

ಆತ ಒಳಗೆ ತಲೆ ಹಾಕಿ ಮುಂದಿನ ಸೀಟು, ಹಿಂದಿನ ಸೀಟು, ಡಿಕ್ಕಿ ಎಲ್ಲ ಮೂಸಿದರು. "ಏನೂ ಇಲ್ಲ ಮೇಡಂ. ನಿಮ್ಗೆ ಭ್ರಮೆ."

ಅತ್ತೆ ಸುಮ್ಮನಿರಲಿಲ್ಲ. "ನಂಗೆ ಇಲ್ಲಿ ನಿಂತ್ರೇ ತಲೆ ತಿರುಗ್ತಾ ಇದೆ. ನಿಮ್ಗೇನು ನೆಗಡಿಯಾ?"

"ನೆಗಡಿ ಇಲ್ಲಮ್ಮ. ಹಿಂದೊಂದ್ಸಲ ಜ್ವರ ಬಂದಾಗಿಂದ ನಂಗೆ ವಾಸನೆಯೇ ಗೊತ್ತಾಗಲ್ಲ."

"ಮತ್ತೆ ಇಲ್ಲ ಅಂದ್ರಲ್ಲ?"

"ನಂಗೆ ಬರ್ಲಿಲ್ಲ, ಇಲ್ಲ ಅಂದೆ. ಸುಳ್ಳು ಹೇಳಕ್ಕಾಗುತ್ತಾ?"

೨. ಕಾಫಿಪುಡಿ

ಹೊಸನಗರದಲ್ಲಿರುವ ನನ್ನ ಅಕ್ಕ ಫೋನಿನಲ್ಲೇ ಔಷಧಿ ಹೇಳಿದಳು. "ಒಂದು ಬಟ್ಟಲಲ್ಲಿ ಕಾಫಿಪುಡಿ ಇಡು, ಎಂಥಾ ವಾಸನೆ ಇದ್ರೂ ಎಳ್ಕೊಳ್ಳುತ್ತೆ." ಇಟ್ಟೆ. ನಾನು ಪಾಠ ಮಾಡುವ ಶಾಲೆಗೆ ಹೋಗುವಾಗ ಮೊದಲ ತಿರುವಿನಲ್ಲೇ ಬಟ್ಟಲು ಮಗುಚಿ, ಪಕ್ಕದಲ್ಲಿ ಕೂತಿದ್ದ ಗಣಿತದ ಮೇಷ್ಟ್ರ ಬಿಳಿ ಪಂಚೆಯ ಮೇಲೆ ಬಿತ್ತು. ನಾನು ಸಿಟ್ಟು, ನಾಚಿಕೆ ಎರಡೂ ನುಂಗಿಕೊಂಡು "ಕ್ಷಮಿಸಿ" ಅಂದೆ.

ಪುಣ್ಯಾತ್ಮರು ಒಂದು ಚಿಟಿಕೆ ಎತ್ತಿ ಮೂಸಿ ನೋಡಿದರು. "ಪುಡಿ ಒಳ್ಳೇದೇ ಮೇಡಂ. ಪೆಟ್ರೋಲ್ ಒಂದ್ಚೂರು ಜಾಸ್ತಿಯಾಗಿದೆ."

೩. ಕೊಡೆ

ಆ ಭಾನುವಾರ ತೀರ್ಥಹಳ್ಳಿಯಲ್ಲಿ ನೆಂಟರ ಮನೆಯ ಗೃಹಪ್ರವೇಶ. ಹೊರಟ ಮೇಲೆ ಮಳೆ ಹಿಡಿಯಿತು. ಕಿಟಕಿ ಹಾಕಿದರೆ ಉಸಿರು ಕಟ್ಟುತ್ತದೆ, ತೆಗೆದರೆ ರೇಷ್ಮೆ ಸೀರೆ ನೆನೆಯುತ್ತದೆ. ಹಿಂದೆ ಕೂತಿದ್ದ ಅತ್ತೆ ಕಿಟಕಿ ಪೂರ್ತಿ ಇಳಿಸಿ ಕಾರಿನೊಳಗೇ ಕೊಡೆ ಬಿಚ್ಚಿದರು. ಊರು ಇನ್ನೇನು ಬಂತು ಅನ್ನುವಾಗ ಪೊಲೀಸರೊಬ್ಬರು ಕೈ ಅಡ್ಡ ಹಿಡಿದರು.

"ಏನಮ್ಮಾ, ಕಾರು ಸೋರುತ್ತಾ?"

"ಸೋರೋದು ಮಳೆಯಲ್ಲ, ಪೆಟ್ರೋಲು" ಅಂದರು ಅತ್ತೆ.

ಪೊಲೀಸರು ಕಿಟಕಿಯ ಹತ್ತಿರ ಮೂಗು ತಂದರು, ತಂದಷ್ಟೇ ಬೇಗ ನಾಲ್ಕು ಹೆಜ್ಜೆ ಹಿಂದೆ ಸರಿದರು. "ಮೊದ್ಲು ಎಂಜಿನ್ ಆಫ್ ಮಾಡಿ! ಇಳೀರಿ ಇಬ್ರೂ!"

ಅತ್ತೆ ಕದಲಲಿಲ್ಲ. "ಮಳೇಲಿ ಎಲ್ಲಿ ಇಳೀಲಿ? ಇರೋದು ಒಂದೇ ಕೊಡೆ, ಸೊಸೆಗೆ ನಿಮ್ಹತ್ರ ಇನ್ನೊಂದು ಇದ್ಯಾ?"

೪. ಹೊಸದು

ಕೊನೆಗೂ ಇಳಿದೆವು. ಪೊಲೀಸರೇ ಫೋನ್ ಮಾಡಿ ತೀರ್ಥಹಳ್ಳಿಯ ಮೆಕ್ಯಾನಿಕ್ ಒಬ್ಬರನ್ನು ಕರೆಸಿದರು. ಅವರು ಹಿಂದಿನ ಸೀಟು ಎತ್ತಿದರು. ಕೆಳಗೆ, ಮೋಟರು ಇಳಿಸುವ ಜಾಗದಲ್ಲಿ, ಟ್ಯಾಂಕಿನ ಮುಚ್ಚಳ. ಅದರ ಸುತ್ತ ಇರಬೇಕಾದ ರಬ್ಬರ್ ರಿಂಗು ಒಣಗಿ ಬಿರುಕು ಬಿಟ್ಟಿತ್ತು. ಪಕ್ಕದಲ್ಲೇ ಹೊಚ್ಚ ಹೊಸ ರಿಂಗು, ಪ್ಯಾಕೆಟ್ ಕೂಡ ಒಡೆಯದೆ ಬಿದ್ದಿತ್ತು! ಇಷ್ಟು ದಿನ ಅತ್ತೆ ಅದರ ಮೇಲೇ ಕೂತು ಓಡಾಡಿದ್ದರು.

ರಿಂಗು ಬದಲಾಯಿಸಿದ್ದೇ ತಡ, ವಾಸನೆ ನಿಂತಿತು. ನನ್ನ ಸಿಟ್ಟು ನಿಲ್ಲಲಿಲ್ಲ. ಅಲ್ಲಿಂದಲೇ ಸಾಗರಕ್ಕೆ ಫೋನ್ ಹಚ್ಚಿದೆ.

"ಏನ್ರೀ, ಬೆಂಕಿ ಹತ್ಕೊಂಡಿದ್ರೆ ಯಾರು ಹೊಣೆ? ಹೊಸ ರಿಂಗು ಯಾಕೆ ಹಾಕ್ಲಿಲ್ಲ?"

ಆ ಕಡೆಯಿಂದ ಒಂದಿಷ್ಟೂ ಅಳುಕಿಲ್ಲದ ಉತ್ತರ:

"ಹಾಕಿದ್ರೆ ಹಳೇದಾಗ್ಬಿಡುತ್ತಲ್ಲ ಮೇಡಂ!"