ಕೆಂಡ ತಣ್ಣಗಾದ ದಿನ

“ಇಸ್ತ್ರಿಪೆಟ್ಟಿಗೆಗಾದ್ರೂ ಸ್ವಿಚ್ ಇರುತ್ತೆ. ಈ ಪ್ರಾಣಿಗೆ ಅದನ್ನೂ ಇಡಲಿಲ್ವಲ್ಲಪ್ಪಾ ದೇವರು!”

ಪಿಂಚಣಿ ತಾತ ಹೀಗೆಂದದ್ದು ಲಾಂಡ್ರಿಯ ಮುಂದೆ, ಬಟ್ಟೆ ಗಂಟು ಹಿಡಿದು ನಿಂತಿದ್ದ ಅಷ್ಟೂ ಜನರ ಎದುರಿಗೆ. ಜನ ಗೊಳ್ಳೆಂದರು. ಪಕ್ಕದ ಕ್ಷೌರದಂಗಡಿಯವನಂತೂ ಗಿರಾಕಿಯ ಅರ್ಧ ಗಡ್ಡ ಹಾಗೇ ಬಿಟ್ಟು ಓಡಿಬಂದ.

ಆ ಪ್ರಾಣಿ ಎಂದರೆ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹುಡುಗ. ಬೀದಿ ಅವನಿಗಿಟ್ಟ ಹೆಸರು ಕೆಂಡ. ತಾತ ತನ್ನ ಪ್ಯಾಂಟಿನ ಗೆರೆ ಸೊಟ್ಟಗಿದೆ ಎಂದಿದ್ದಕ್ಕೆ, “ಗೆರೆ ನೆಟ್ಟಗೇ ಇದೆ, ನಿಮ್ಮ ಕಾಲು ಸೊಟ್ಟ” ಎಂದಿದ್ದ, ಅಷ್ಟೇ.

ಯಜಮಾನ ಚಪ್ಪಲಿ ಮೆಟ್ಟುತ್ತ ಹೊರಬಂದ. “ನೋಡು, ದೊಡ್ಡ ಕೆಲಸದ ಮೇಲೆ ಹೊರಟಿದೀನಿ. ಸಂಜೆ ಬರೋಷ್ಟರಲ್ಲಿ ಯಾರಾದ್ರೂ ಒಬ್ಬರು, ಒಬ್ಬರೇ ಒಬ್ಬರು, ಇವನು ರೇಗಿದ ಅಂದ್ರೂ ಸಾಕು, ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ.”

ಕೆಂಡನ ಉತ್ತರ ತುಟಿಯವರೆಗೆ ಬಂದಿತ್ತು. ಆದರೆ ಇದೇ ಬಾಯಿಯ ದೆಸೆಯಿಂದ ಅವನು ಕಳೆದುಕೊಂಡ ಕೆಲಸಗಳು ಒಂದೆರಡಲ್ಲ. ತಟ್ಟಲು ಇನ್ನೊಂದು ಬಾಗಿಲು ಉಳಿದಿರಲಿಲ್ಲ. ಒಳಗೆ ಹೋಗಿ ಅಕ್ಕನಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದ.

“ಕಣ್ಣು ಮುಚ್ಚಿ ಧ್ಯಾನಕ್ಕೆ ಕೂರೋದು ನಿನ್ನ ಕೈಲಾಗಲ್ಲ,” ಎಂದಳು ಅಕ್ಕ. “ಕಣ್ಣು ಬಿಟ್ಕೊಂಡೇ ಮಾಡು. ಎದುರಿಗೆ ಯಾರು ಬಂದ್ರೂ ಅಮ್ಮನೇ ಬಂದಿದ್ದಾಳೆ ಅಂದ್ಕೋ. ದೇವರು ಅಂದ್ರೆ ಅಷ್ಟೇ ಕಣೋ.”

“ಆ ಮುದುಕನೂ ಅಮ್ಮನಾ?”

“ಮೀಸೆ ಇದ್ರೇನು, ಅಮ್ಮನೇ!”

ಸರಿ, ಶುರುವಾಯಿತು. ಒಬ್ಬಾಕೆ ದಿಂಬಿನ ಗವಸು, ಪರದೆಗಳನ್ನೆಲ್ಲ ಸುರಿದು, “ಊಟದ ಹೊತ್ತಿಗೆ ಬೇಕು” ಎಂದಳು. ಬೇರೆ ದಿನವಾಗಿದ್ದರೆ ಆ ಪರದೆಗಳು ರಸ್ತೆಯಲ್ಲಿರುತ್ತಿದ್ದವು. ಕೆಂಡ ಆಕೆಯ ಮುಖದಲ್ಲಿ ಅಮ್ಮನನ್ನು ಹುಡುಕಿದ. ಸಿಗಲಿಲ್ಲ. ಆದರೂ “ಆಗಲಿ” ಎಂದ. ಆ ಲಾಂಡ್ರಿಯಲ್ಲಿ ಇವತ್ತು ‘ಆಗಲ್ಲ’ ಎಂಬ ಮಾತೇ ಇಲ್ಲವಂತೆ ಎಂಬ ಸುದ್ದಿ ಬೀದಿ ತುಂಬ ಓಡಿತು. ಟ್ರಂಕಿನ ತಳದಲ್ಲಿ ಮಲಗಿದ್ದ ಕೋಟುಗಳೆಲ್ಲ ಎದ್ದು ಬಂದವು. ಇಷ್ಟು ದಿನ ಈ ಅಂಗಡಿಗೆ ತನ್ನ ಬಾಯಿಯೇ ಬೇಲಿಯಾಗಿತ್ತೆಂದು ಕೆಂಡನಿಗೆ ಆಗ ಹೊಳೆಯಿತು.

ಕ್ಷೌರದಂಗಡಿಯವನು ತನ್ನ ಟವೆಲ್ಲುಗಳನ್ನೆಲ್ಲ ತಂದು ಹಾಕಿದ. “ಏನಯ್ಯಾ, ಜ್ವರಾನಾ? ನೀನು ನಗ್ತಿರೋದು ನೋಡಿದ್ರೆ ಭಯ ಆಗುತ್ತೆ.”

“ಚೆನ್ನಾಗಿದೀನಣ್ಣ.”

“ಅಣ್ಣ ಅಂತೆ! ಡಾಕ್ಟ್ರನ್ನ ಕರೀರೋ ಯಾರಾದ್ರೂ!”

ಕೆಂಡ ಒಳಗೊಳಗೇ ಮುಚ್ಚಳ ಹಾಕಿದ ಹಾಲಿನ ಪಾತ್ರೆಯಂತೆ ಕುದಿಯುತ್ತಿದ್ದ. ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ನೀರು ಕುಡಿದ, ಮತ್ತೆ ಕುಡಿದ, ಕೆಳತುಟಿ ಕಚ್ಚಿದ. ಊಟದ ಡಬ್ಬಿ ಬಿಚ್ಚಲಾಗಲಿಲ್ಲ.

ಅಷ್ಟರಲ್ಲಿ ತಳ್ಳುಗಾಡಿಯೊಂದು ಬಂದು ನಿಂತಿತು. ತಳ್ಳಿಕೊಂಡು ಬಂದವನು ಎದುರು ಬೀದಿಯ ಲಾಂಡ್ರಿಯವನು! ಯಜಮಾನನ ಜನ್ಮಶತ್ರು. ಅವನ ನೆರಳು ಈ ಕಟ್ಟೆಗೆ ಬಿದ್ದರೂ ಕೆಂಡ ಕೂಗಾಡಿ ಅಟ್ಟುತ್ತಿದ್ದ.

“ಇಸ್ತ್ರಿಗೆ ಹಬೆ ಕೊಡೋ ನನ್ನ ಬಾಯ್ಲರ್ ಒಡೆದುಹೋಯ್ತು ತಮ್ಮಾ,” ಎಂದ ಅವನು, ಅಳುವ ದನಿಯಲ್ಲಿ. ಗಾಡಿಯಲ್ಲಿ ಹೋಟೆಲಿನ ಅಡುಗೆಯವರ ಬಿಳಿ ಕೋಟುಗಳು. “ಇವನ್ನ ಸಂಜೆಯೊಳಗೆ ಕೊಡದಿದ್ರೆ ನಾನು ಮುಳುಗಿಹೋಗ್ತೀನಿ. ಎಲ್ಲಾ ಕಡೆ ಕೇಳಿ ಬಂದೆ. ನೀನೂ ಬೈದು ಕಳಿಸು, ಪರವಾಗಿಲ್ಲ.”

ಕೆಂಡನ ನಾಲಿಗೆಯ ತುದಿಗೆ ಬೈಗುಳ ಸಾಲುಗಟ್ಟಿ ಬಂತು. ಕ್ಷೌರದಂಗಡಿಯವನು ಕತ್ತರಿ ನಿಲ್ಲಿಸಿ ಕಿವಿಗೊಟ್ಟ. ಅಷ್ಟರಲ್ಲಿ ಕೆಂಡನ ಕಣ್ಣು ಆ ಮನುಷ್ಯನ ಅಂಗಿಯ ಮೇಲೆ ಬಿತ್ತು. ಲಾಂಡ್ರಿಯ ಒಡೆಯ, ಅಂಗಿ ಮಾತ್ರ ಮುದ್ದೆ ಮುದ್ದೆ, ಕಾಲರು ಹರಿದಿತ್ತು. ಅಮ್ಮನೂ ಹಾಗೇ ಅಲ್ಲವೇ? ಜನರ ಬಟ್ಟೆಯನ್ನೆಲ್ಲ ಒಗೆದು ಮಡಿಸಿಟ್ಟು ತಾನು ಮಾತ್ರ ಮುದುಡಿದ್ದನ್ನೇ ಉಟ್ಟು ಓಡಾಡುತ್ತಿದ್ದಳು. ಬೆಳಗಿನಿಂದ ಹುಡುಕಿದರೂ ಸಿಗದವಳು ಈ ಕಳ್ಳನ ಕಾಲರಿನಲ್ಲಿ ಬಂದು ಕೂತಿದ್ದಳು.

“ಒಳಗೆ ತನ್ನಿ,” ಎಂದ ಕೆಂಡ.

ಒಂದೊಂದು ಕೋಟನ್ನೂ ನೀರು ಚಿಮುಕಿಸಿ, ತೋಳು ತಿರುವಿ, ಕಾಲರು ಒತ್ತಿ, ಅಮ್ಮನೇ ತೊಟ್ಟು ಹೊರಡುವಳೇನೋ ಎಂಬಂತೆ ಇಸ್ತ್ರಿ ಮಾಡಿದ. ಎದೆಯೊಳಗೆ ಹುಟ್ಟಿದಾಗಿನಿಂದ ಗುದ್ದಾಡುತ್ತಿದ್ದದ್ದೇನೋ ಸ್ವಲ್ಪ ಹೊತ್ತು ಸುಮ್ಮನೆ ಕೂತಿತು. ಗಾಡಿ ಹೊರಟಿತು. ಉಳಿದವರ ಬಟ್ಟೆಯೂ ಹೇಗೋ ಮುಗಿಯಿತು.

ಸಂಜೆ ಯಜಮಾನ ಬಂದಾಗ ಬೀದಿಯೇ ಅಂಗಡಿಯ ಮುಂದೆ ಸೇರಿತ್ತು.

“ಬಂಗಾರದಂಥ ಹುಡುಗ ಕಣಯ್ಯಾ,” ಎಂದ ಪಿಂಚಣಿ ತಾತ. “ಇವತ್ತು ಒಬ್ಬರ ಮೇಲೂ ರೇಗಲಿಲ್ಲ.”

ಯಜಮಾನನ ಮುಖ ಹಿಂಡಿದ ಬಟ್ಟೆಯಂತಿತ್ತು. “ಎದುರು ಬೀದಿಯವನ ಕೋಟು ಇಸ್ತ್ರಿ ಮಾಡಿಕೊಟ್ಟೋನು ನೀನೇನಾ?”

“ಹೂಂ. ಪಾಪ, ಅವರಿಗೆ...”

“ಪಾಪ! ಅವನು ಇವತ್ತು ಸಂಜೆಗೆ ಕೋಟು ಕೊಡದಿದ್ರೆ ಹೋಟೆಲ್ ಬಟ್ಟೆಯೆಲ್ಲ ನಾಳೆಯಿಂದ ನಮಗೆ ಅಂದಿದ್ದ ಮ್ಯಾನೇಜರ್. ಬೆಳಗ್ಗೆಯಿಂದ ಅನ್ನ ನೀರು ಇಲ್ದೆ ಆ ಮ್ಯಾನೇಜರ್ ಬಾಗಿಲು ಕಾದೆ ಕಣೋ! ಬಂತು ಗಾಡಿ! ಮ್ಯಾನೇಜರ್ ಒಂದು ಕೋಟು ಬಿಡಿಸಿ ನೋಡಿ, ‘ಇಂಥ ಇಸ್ತ್ರಿ ನಾನು ಕಂಡೇ ಇಲ್ಲ’ ಅಂತ ಮುಂದಿನ ವರ್ಷಕ್ಕೂ ಅವನಿಗೇ ಕೊಟ್ಟುಬಿಟ್ಟ. ಕಾಲರ್ ನೋಡಿದ ತಕ್ಷಣ ನಿನ್ನ ಕೈ ಅಂತ ನನಗೆ ಗೊತ್ತಾಗಲ್ವಾ?”

“ಯಾರ ಮೇಲೂ ರೇಗಬೇಡ ಅಂದೋರು ನೀವೇ ಅಲ್ವಾ?” ಎಂದು ಮೂಗು ತೂರಿಸಿದ ಕ್ಷೌರದಂಗಡಿಯವನು.

“ಗಿರಾಕಿ ಮೇಲೆ ರೇಗಬೇಡ ಅಂದೆ! ಅವನ ಮೇಲೆ ರೇಗ್ಲಿ ಅಂತಾನೇ ಇಷ್ಟು ವರ್ಷ ಈ ಬಾಯಿನ ಸಾಕಿದ್ದು! ಬೊಗಳೋ ನಾಯಿ ಬೇಕಾದ ದಿನ ಬಾಲ ಅಲ್ಲಾಡಿಸಿದೆಯಲ್ಲೋ! ನಾಳೆಯಿಂದ ಬರಬೇಡ. ಹೋಗು!”

“ಈಗ ಹತ್ಕೊಳ್ಳುತ್ತೆ ನೋಡಿ,” ಎಂದು ಯಾರೋ ಪಿಸುಗುಟ್ಟಿದರು. ಜನ ಎರಡು ಹೆಜ್ಜೆ ಹಿಂದೆ ಸರಿದರು.

ಕೆಂಡನ ಗಂಟಲಲ್ಲಿ ಬೆಳಗಿನಿಂದ ತಡೆದಿಟ್ಟಿದ್ದೆಲ್ಲ ಒಟ್ಟಿಗೆ ನುಗ್ಗಿತು. ಯಜಮಾನನನ್ನು ದುರುಗುಟ್ಟಿ ನೋಡಿದ. ಒಣಗಿದ ತುಟಿ. ಧೂಳು ಮೆತ್ತಿದ ಹಣೆ. ದಿನವಿಡೀ ಇನ್ನೊಬ್ಬರ ಬಾಗಿಲು ಕಾದು ಬರಿಗೈಲಿ ಮನೆಗೆ ಬಂದ ಮುಖ. ಥೂ, ಇಲ್ಲೂ ಅಮ್ಮನೇ!

ಅಕ್ಕನನ್ನು ಮನಸ್ಸಿನಲ್ಲೇ ಶಪಿಸುತ್ತ ಊಟದ ಡಬ್ಬಿ ಕಂಕುಳಲ್ಲಿ ಸಿಕ್ಕಿಸಿ ಕಟ್ಟೆ ಇಳಿದ.

“ಏಯ್, ಎಲ್ಲಿಗೋ?” ಯಜಮಾನ ಗಾಬರಿಯಾಗಿ ಕೂಗಿದ. “ಒಂದು ಮಾತಾದ್ರೂ ಬೈಯೋ! ನೀನು ಬೈದ್ರೆ ತಾನೇ ನಾನೂ ಬೈದು ಸಮಾಧಾನ ಮಾಡ್ಕೊಳ್ಳೋದು! ಲೋ ಕೆಂಡಾ!”

ಕೆಂಡ ಹಲ್ಲು ಕಚ್ಚಿ, ಮುಷ್ಟಿ ಬಿಗಿದು, ತಿರುಗಿಯೂ ನೋಡದೆ ನಡೆದುಬಿಟ್ಟ.