ಹುಂಜ ಮತ್ತು ನನ್ನ ಎಡಗಾಲು

ನೌಕರಿಯಲ್ಲಿದ್ದಾಗ ಮನುಷ್ಯನ ಮರ್ಯಾದೆ ಆಗೊಮ್ಮೆ ಈಗೊಮ್ಮೆ ಹೋಗುತ್ತದೆ, ನಿವೃತ್ತನಾದ ಮೇಲೆ ದಿನಾ ಹೋಗುತ್ತದೆ. ನಾನು ಮಾನ್ವಿಯ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿ, ರಾಯಚೂರಿನಲ್ಲಿ ಮನೆ ಕಟ್ಟಿಸಿ, ಎಡ ಮೊಣಕಾಲಿಗೆ ಆಪರೇಶನ್ ಮಾಡಿಸಿಕೊಂಡು ಹಿತ್ತಲಲ್ಲಿ ಕುರ್ಚಿ ಹಾಕಿ ಕುಳಿತವನು. ಅದೇ ಹಿತ್ತಲಲ್ಲಿ ನನ್ನ ಹೆಂಡತಿಯ ನಾಲ್ಕು ಕೋಳಿಗಳು. ಅಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ, ನಡೆದದ್ದೆಲ್ಲ ನನ್ನ ಮೇಲೆಯೇ ನಡೆಯುತ್ತದೆ. ಹೇಳಿದರೆ ಕೇಳಿದವರು ನಗುತ್ತಾರೆ. ನಾನೂ ನಗುತ್ತೇನೆ. ಬೇರೆ ಏನು ಮಾಡಲಿ.

೧. ಕೊನೆಯ ಪಂಕ್ತಿ

ಕರಿ ಕೋಳಿ ಕಾವಿಗೆ ಕೂತು ಮರಿ ಮಾಡಿತು. ಹದ್ದು ಒಯ್ದದ್ದು ಹೋಗಿ, ಬೆಕ್ಕು ತಿಂದದ್ದು ಹೋಗಿ, ಒಂದೇ ಮರಿ ಉಳಿಯಿತು. ಕೆಂಪು ಮೈ, ಉದ್ದ ಕಾಲು. ತಲೆಯ ಮೇಲೆ ಜುಟ್ಟು ಮೂಡಿದಾಗ ಹುಂಜ ಎಂದು ನಮಗೆ ಗೊತ್ತಾಯಿತು. ಕೋಳಿಗಳಿಗೂ ಅವತ್ತೇ ಗೊತ್ತಾಗಿರಬೇಕು. ಮೊದಲು ಕುಕ್ಕಿದ್ದು ಹೆತ್ತ ತಾಯಿ. ಉಳಿದ ಮೂರೂ ಅದನ್ನು ನೋಡಿ ಕಲಿತವು. ನುಚ್ಚು ಹಾಕಿದರೆ ನಾಲ್ಕೂ ಹೊಟ್ಟೆ ತುಂಬ ತಿಂದು, ಕೊಕ್ಕು ಒರೆಸಿಕೊಂಡು ಹೋದ ಮೇಲೆ ಇವನು ಬಂದು ಬರೀ ಮಣ್ಣು ಕೆದರುತ್ತಿದ್ದ.

ನಮ್ಮ ಮನೆಯಲ್ಲಿ ನನಗೂ ಊಟ ಕೊನೆಗೇ. ಹೆಂಡತಿಯ ಪೂಜೆ, ಟೀವಿಯ ಧಾರಾವಾಹಿ, ಫೋನಿನಲ್ಲಿ ಜಾಲಹಳ್ಳಿಯ ತವರಿನ ಸುದ್ದಿ ಎಲ್ಲ ಮುಗಿದ ಮೇಲೆ ನನ್ನ ತಟ್ಟೆ ಬರುತ್ತದೆ. ಹೀಗಾಗಿ ನನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಅವನಿಗೆ ಹಾಕತೊಡಗಿದೆ. ಅವಳು ನೋಡಿದರೆ ಬೈದಾಳು ಎಂದು ಅಂಜಿದ್ದೆ. ನೋಡಿದಳು, ಬೈಯಲಿಲ್ಲ. ಮರುದಿನದಿಂದ ತಾನೇ ನೆನೆಸಿದ ಜೋಳ ತಂದು ಅವನ ಮುಂದೆ ಸುರಿದಳು.

"ಹುಂಜಕ್ಕ ಇಷ್ಟ್ಯಾಕ?" ಎಂದೆ.

"ಬೆಳೀಲಿ ಬಿಡ್ರಿ. ಮನ್ಯಾಗ ಒಬ್ಬರಾದರೂ ಕೆಲಸಕ್ಕ ಬರೂವರು ಇರಬೇಕಲ್ಲ."

೨. ಸಂಜೆಯ ಸುಪ್ರಭಾತ

ಅವನ ಮೊದಲ ಕೂಗು ನೀರಿಲ್ಲದ ಬೋರಿಂಗ್ ಹೊಡೆದಂತಿತ್ತು. ಎಷ್ಟು ಎಳೆದರೂ ಬರೀ ಗಾಳಿ. ಕೋಳಿಗಳು ತಲೆ ಎತ್ತಿ ನೋಡಿ ಮತ್ತೆ ಕೆದರತೊಡಗಿದವು. ಬಿಡದೆ ಸಾಧನೆ ಮಾಡಿದ. ಬೆಳಿಗ್ಗೆ ಕೂಗಿದ, ಮಧ್ಯಾಹ್ನ ಕೂಗಿದ, ಕುಕ್ಕರ್ ಸೀಟಿ ಹೊಡೆದರೆ ಅದಕ್ಕೂ ಉತ್ತರ ಕೊಟ್ಟ. ಕೊನೆಗೆ ಗಂಟಲು ತೆರೆಯಿತು ನೋಡಿ, ಓಣಿಯೇ ನಡುಗಿತು.

ಒಂದು ದಿನ ಪಕ್ಕದ ಮನೆಯ ಆಚಾರ್ಯರು ಗೋಡೆಯ ಹತ್ತಿರ ಬಂದರು. ಗುಡಿಯಲ್ಲಿ ಪೂಜೆ ಮಾಡುವವರು, ಸಾಧು ಮನುಷ್ಯ.

"ಸರ್, ನಿಮ್ಮ ಹುಂಜ ಯಾವಾಗ ಕೂಗ್ತದ?"

"ಅದಕ್ಕ ಮನಸ್ಸು ಬಂದಾಗ."

"ನಿನ್ನೆ ಮಧ್ಯಾಹ್ನ ಊಟ ಮಾಡಿ ಮಲಗಿದ್ದೆ. ಮೋಡ ಕವಿದಿತ್ತು. ಇದು ಕೂಗ್ತು. ದಡಬಡ ಎದ್ದು ತಣ್ಣೀರು ಸುರಕೊಂಡು, ಗುಡಿ ಬಾಗಿಲು ತಗದು ಸುಪ್ರಭಾತ ಹಾಡಿಬಿಟ್ಟೆ. ಹೊರಗ ನೋಡಿದ್ರ ಸಾಲಿ ಹುಡುಗರು ಮನೀಗೆ ಹೊಂಟಾರ."

ನಾನು ತಪ್ಪಾಯಿತು ಎನ್ನಬೇಕಿತ್ತು. ಆದರೆ ನನಗೆ ಹೊಟ್ಟೆಕಿಚ್ಚಾಯಿತು. ಜೀವಮಾನವೆಲ್ಲ ಕ್ಲಾಸಿನಲ್ಲಿ ಗಂಟಲು ಹರಿದುಕೊಂಡೆ, ಒಬ್ಬನೂ ಎಚ್ಚರಾಗಲಿಲ್ಲ. ಇವನು ಒಂದೇ ಕೂಗಿಗೆ ದೇವರನ್ನೂ ಎಬ್ಬಿಸಿದ್ದ.

೩. ಕುರ್ಚಿಯ ಜಗಳ

ಗಂಟಲು ಸರಿಹೋದದ್ದೇ ತಡ, ಸ್ವಭಾವ ಕೆಟ್ಟಿತು. ನಿನ್ನೆವರೆಗೆ ಕುಕ್ಕುತ್ತಿದ್ದ ಕೋಳಿಗಳು ಈಗ ಅವನ ಹಿಂದೆ ಸಾಲಾಗಿ ನಡೆದವು. ಅವನು ಮೊದಲು ಕುಕ್ಕಿದ್ದು ರೊಟ್ಟಿ ಹಾಕಿದ ಕೈಯನ್ನು. ಹೆಂಡತಿ ಬಂದರೆ ದಾರಿ ಬಿಡುತ್ತಾನೆ. ಆಚಾರ್ಯರು ಇಣುಕಿದರೆ ಸುಮ್ಮನಿರುತ್ತಾನೆ. ನಾನು ಹಿತ್ತಲ ಬಾಗಿಲು ತೆರೆದರೆ ಸಾಕು, ಕತ್ತಿನ ಗರಿ ಕೆದರಿ, ಒಂದು ರೆಕ್ಕೆ ಇಳಿಸಿ, ಅಡ್ಡಡ್ಡ ಬರುತ್ತಾನೆ. ನನ್ನ ಹಿತ್ತಲಿಗೆ ನಾನು ಬಿಸಿಲಿಲ್ಲದಾಗಲೂ ಕೊಡೆ ಹಿಡಿದು ಹೋಗುವಂತಾಯಿತು.

ಆಗ ಜಾಲಹಳ್ಳಿಯಿಂದ ನನ್ನ ಹೆಂಡತಿಯ ತಮ್ಮ ಬಂದಿದ್ದ. ಹೊಲ ಮನೆ ಮಾಡಿಕೊಂಡಿರುವವನು, ಕೋಳಿಯ ಸಂಗತಿ ಬಲ್ಲವನು. ನನ್ನ ಕೊಡೆಯ ಯುದ್ಧ ನಿಂತು ನೋಡಿದ.

"ಮಾವಾರ, ನೀವು ದಿನಾ ಕೋಳಿಗಳ ನಡುವ ಕುರ್ಚಿ ಹಾಕ್ಕೊಂಡು ಕುಂದರ್ತೀರಿ. ಅದು ನಿಮ್ಮನ್ನ ಇನ್ನೊಂದು ಹುಂಜ ಅಂತ ತಿಳದದ."

ಒಳಗಿನಿಂದ ಹೆಂಡತಿಯ ದನಿ ಬಂತು. "ಪಾಪ, ಇನ್ನೂ ಸಣ್ಣದದ. ಅದಕ್ಕೇನು ಗೊತ್ತು."

೪. ಐಬು

ಅದೇ ದಿನ ಹೆಂಡತಿಯ ತಮ್ಮ ಹುಂಜವನ್ನು ಎತ್ತಿ ಹಿಡಿದು, ರೆಕ್ಕೆ ಬಿಚ್ಚಿ, ಕಣ್ಣು ನೋಡಿ, ಉಗುರು ನೋಡಿ, "ಏನೂ ಐಬಿಲ್ಲಕ್ಕಾ. ಯಾವಾಗ ಒಯ್ಯೂದು?" ಎಂದ.

"ಎಲ್ಲಿಗೆ?" ಎಂದೆ ನಾನು.

ಹೆಂಡತಿ ಹೇಳಿದಳು. "ನಿಮ್ಮನ್ನ ಆಪರೇಶನ್‌ಗೆ ಒಳಗ ಒಯ್ದಾಗ ನಮ್ಮೂರ ದೇವಿಗೆ ಬೇಡಿಕೊಂಡಿದ್ದೆ. ಕುಂಟದಂಗ ನಡದಾಡಿದ್ರ ಮನ್ಯಾಗ ಹುಟ್ಟಿದ ಹುಂಜ ಕೊಡ್ತೀನಿ ಅಂತ. ಸಂತ್ಯಾಗಿಂದು ನಡಿಯೂದಿಲ್ಲ."

ನೆನೆಸಿದ ಜೋಳದ ಅರ್ಥ ಈಗ ಆಯಿತು. ಅವನು ನನ್ನನ್ನು ಕುಕ್ಕುತ್ತಿದ್ದ, ನಿಜ. ಆದರೆ ಈ ಮನೆಯಲ್ಲಿ ನನ್ನನ್ನು ಎದುರಾಳಿ ಎಂದು ಲೆಕ್ಕಕ್ಕೆ ಹಿಡಿದವನು ಅವನೊಬ್ಬನೇ. ಹೇಗಾದರೂ ಅವನನ್ನು ಉಳಿಸಬೇಕು ಎನಿಸಿತು. ಸಂವಿಧಾನದ ಕಲಮುಗಳನ್ನು ಬಿಡಿಸಿ ಹೇಳಿದ ತಲೆ ನನ್ನದು, ದಾರಿ ಕೂಡಲೇ ಹೊಳೆಯಿತು. ಹರಕೆಗೆ ಷರತ್ತಿದೆ: ಕುಂಟಬಾರದು. ನಾನು ಕುಂಟುತ್ತಿರುವವರೆಗೆ ಹರಕೆ ಜಾರಿಗೆ ಬರುವುದಿಲ್ಲ. ಅಲ್ಲೇ ಎದ್ದು, ಗೋಡೆ ಹಿಡಿದು, ನರಳುತ್ತ ಅಡಿಗೆಮನೆವರೆಗೆ ಹೋದೆ.

"ಅಲ್ರೀ, ಆಪರೇಶನ್ ಆಗಿದ್ದು ಎಡಗಾಲಿಗೆ. ಬಲಗಾಲು ಯಾಕ ಕುಂಟಾಕತ್ತದ?"

"ನೋವು ಆ ಕಡಿಂದ ಈ ಕಡಿಗೆ ಬಂದದ."

ಅವಳು ಗಾಬರಿಯಾಗಿ ಜಾಲಹಳ್ಳಿಯ ದಿಕ್ಕಿಗೆ ತಿರುಗಿ, ಕಣ್ಣು ಮುಚ್ಚಿ ಕೈ ಮುಗಿದಳು. ತಮ್ಮ ಮಾತ್ರ ಹುಂಜದ ಕಾಲು ನೋಡಿದ, ನನ್ನ ಕಾಲು ನೋಡಿದ.

"ಐಬು ಮಾವಾರಿಗೇ ಅದ," ಎಂದ.

೫. ದೇವಿಯ ಸಿಟ್ಟು

ಮರುದಿನದಿಂದ ನೆನಪಿಟ್ಟು ಎಡಗಾಲನ್ನೇ ಕುಂಟಿದೆ. ಹುಂಜ ಉಳಿಯಿತು, ನನ್ನ ಬಾಳು ಹಾಳಾಯಿತು. ಸ್ಟೇಶನ್ ರಸ್ತೆಯ ಚಹಾ ಬಂದ್, ಗೆಳೆಯರ ಹರಟೆ ಬಂದ್. ಬೆಳಿಗ್ಗೆ ಸಂಜೆ ಕುದಿಯುವ ಔಡಲೆಣ್ಣೆ ತಂದು ಅವಳು ತಿಕ್ಕಿದ ರಭಸಕ್ಕೆ ನಿಜವಾಗಿಯೂ ಕುಂಟುವ ಹಾಗಾಯಿತು. ಆಚಾರ್ಯರು ತಮ್ಮ ತೀರಿಹೋದ ಮಾವನವರ ಊರುಗೋಲು ಕೊಟ್ಟರು. ಆ ಹುಂಜನೋ, ಕುಂಟುವವನು ಸುಲಭಕ್ಕೆ ಸಿಗುತ್ತಾನೆಂದು ಇನ್ನಷ್ಟು ಹುರುಪಿನಿಂದ ಕುಕ್ಕಿದ. ಆದರೂ ಗೆದ್ದೆ ಎಂದುಕೊಂಡಿದ್ದೆ.

ಒಂದು ದಿನ ತಮ್ಮನ ಫೋನ್ ಬಂತು. ಹೆಂಡತಿ ಸ್ಪೀಕರ್ ಹಾಕಿ ಮಾತಾಡುವವಳು.

"ಅಕ್ಕಾ, ಮಾವಾರ ಕಾಲು ಛಲೋ ಆಗಿತ್ತು. ನೀ ಹರಕಿ ತಡ ಮಾಡಿದಿ, ದೇವಿ ಸಿಟ್ಟಾಗ್ಯಾಳ. ಅದಕ್ಕಾ ಮತ್ತ ಕುಂಟಾಕತ್ತಾರ. ಮಂಗಳವಾರ ಬುಟ್ಟಿ ತರ್ತೀನಿ, ತಯಾರಿರು."

ಕುಂಟದಿದ್ದರೆ ಹರಕೆ ತೀರಿಸಬೇಕು, ಕುಂಟಿದರೆ ಬೇಗ ತೀರಿಸಬೇಕು. ಇಷ್ಟು ಬಿಗಿಯಾದ ಕಾನೂನನ್ನು ನಾನು ಕಲಿಸಿದ ಯಾವ ದೇಶದ ಸಂಸತ್ತೂ ಮಾಡಿರಲಿಲ್ಲ.

೬. ಕಾಲು ಬಂತು

ಮಂಗಳವಾರ ಬೆಳಿಗ್ಗೆ ಅಕ್ಕ ತಮ್ಮ ಒಳಗೆ ಚಹಾ ಕುಡಿಯುತ್ತಿದ್ದರು. ಬುಟ್ಟಿ ಬಾಗಿಲ ಹತ್ತಿರ ಬಾಯಿ ತೆರೆದು ಕೂತಿತ್ತು. ನಾನು ಸದ್ದಿಲ್ಲದೆ ಹಿತ್ತಲಿನ ಗೇಟು ತೆರೆದಿಟ್ಟೆ. ಗೂಡಿನ ಬಾಗಿಲು ತೆಗೆದು ಮೆಲ್ಲಗೆ ಅಂದೆ: "ಹೋಗಲೇ. ಯರಗೇರಾ ಊರಿಗಾದ್ರೂ ಹೋಗು, ಗಿಲ್ಲೆಸುಗೂರಿಗಾದ್ರೂ ಹೋಗು. ಇಲ್ಲಿ ಮಾತ್ರ ಇರಬ್ಯಾಡ."

ಹೊರಗೆ ಬಂದ. ತೆರೆದ ಗೇಟು ನೋಡಿದ. ನನ್ನನ್ನು ನೋಡಿದ. ನನ್ನನ್ನೇ ಆರಿಸಿಕೊಂಡ.

ಗಡಿಬಿಡಿಯಲ್ಲಿ ಕೊಡೆ ತಂದಿರಲಿಲ್ಲ. ಊರುಗೋಲು ಎಲ್ಲಿ ಬಿತ್ತೋ. ನೀರಿನ ಟಾಕಿ ಸುತ್ತಿ, ಬಟ್ಟೆ ಒಗೆಯುವ ಕಲ್ಲು ಜಿಗಿದು ಓಡಿದೆ. ಅವನು ಬಿಡಲಿಲ್ಲ. ಕೊನೆಗೆ ಒಂದೇ ನೆಗೆತಕ್ಕೆ ಆಚಾರ್ಯರ ಗೋಡೆ ಹತ್ತಿ ಕೂತೆ. ತಿರುಗಿ ನೋಡಿದರೆ ಬಾಗಿಲಲ್ಲಿ ಹೆಂಡತಿ, ಪಕ್ಕದಲ್ಲಿ ಬುಟ್ಟಿ ಹಿಡಿದ ತಮ್ಮ. ಗೋಡೆಯ ಆ ಕಡೆ ಒದ್ದೆ ಪಂಚೆಯಲ್ಲಿ ಆಚಾರ್ಯರು.

"ಸರ್, ಸ್ವಲ್ಪ ಆ ಕಡೆ ಸರೀರಿ," ಎಂದರು. "ನಾ ಮಡೀಲಿದ್ದೀನಿ."

ಹೆಂಡತಿಯ ಕಣ್ಣಲ್ಲಿ ನೀರು. "ತಾಯಿ, ಬುಟ್ಟಿ ಮನೀಗೆ ಬರೂದ್ರಾಗಾ ಕಾಲು ಕೊಟ್ಟಿ."

ಹುಂಜ ಬುಟ್ಟಿ ಸೇರಿದ, ಹರಕೆ ತೀರಿಸಲು ಎಲ್ಲರೂ ಹೊರಟೆವು. ಜಾಲಹಳ್ಳಿಗೆ ನನ್ನ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಹೆಣ್ಣುಮಕ್ಕಳು ಬಂದು ನನ್ನ ಎಡ ಮೊಣಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಅವತ್ತು ಮೊದಲ ಪಂಕ್ತಿಯಲ್ಲೇ ನನ್ನನ್ನು ಕೂಡಿಸಿದರು. ಹೆಂಡತಿ ತಾನೇ ಬಡಿಸಿದಳು, ಆರಿಸಿ ಕಾಲಿನ ತುಂಡನ್ನೇ ಹಾಕಿದಳು. ನಾನು ಮುಟ್ಟಲಿಲ್ಲ ಎಂದು ಬರೆದರೆ ನೀವು ಮೆಚ್ಚುತ್ತೀರಿ. ತಿಂದೆ. ರುಚಿಯಾಗಿತ್ತು. ಅದರಲ್ಲಿ ನನ್ನ ಅರ್ಧ ರೊಟ್ಟಿಯೂ ಇತ್ತಲ್ಲ.

"ಅಂತೂ ಮುಗೀತು," ಎಂದೆ.

"ಎಡಗಾಲಿಂದು ಮುಗೀತು," ಎಂದಳು ಹೆಂಡತಿ, ಸಾರು ಹಾಕುತ್ತ. "ಅವತ್ತು ನೋವು ಬಲಗಾಲಿಗೆ ಬಂದದ ಅಂದ್ರಲ್ಲ, ಅದಕ್ಕೂ ಒಂದು ಬೇಡಿಕೊಂಡೀನಿ. ಕರಿ ಕೋಳಿ ಕಾವಿಗೆ ಕುಂತದ."