ಮನೆಗೂ ಒಂದು ಬಾಣಂತನ

ಬಾಣಂತಿಗೆ ಬಾಣಂತನ ಮಾಡುವವರನ್ನು ನೀವು ನೋಡಿರುತ್ತೀರಿ. ಮನೆಗೇ ಬಾಣಂತನ ಮಾಡುವವರನ್ನು ನೋಡಿದ್ದೀರಾ? ಕಡೂರಿಗೆ ಬನ್ನಿ, ನಮ್ಮ ಸೋದರತ್ತೆಯನ್ನು ತೋರಿಸುತ್ತೇನೆ!

ಬೇಸಿಗೆ ಶುರುವಾಯಿತೆಂದರೆ ತಾರಸಿಗೆ ಸುಣ್ಣ ಬಳಿಸಿ, ಮೇಲೆ ದಪ್ಪಗೆ ತೆಂಗಿನ ಗರಿ ಹೊದಿಸುತ್ತಾರೆ. ಅದು ಮನೆಯ ಕುಲಾವಿಯಂತೆ! ಕಿಟಕಿಯ ಸಂದಿಗಳಿಗೆಲ್ಲ ಹಳೇ ಸೀರೆಯ ಚಿಂದಿ. ಬಾಗಿಲ ಕೆಳಗೆ ತೆಂಗಿನ ನಾರು ತುಂಬಿದ ಉದ್ದನೆಯ ಬಟ್ಟೆಯ ಸುರುಳಿ. ಬಿಸಿಲೇರುವ ಮುಂಚೆ ಎಲ್ಲ ಬಂದ್, ಸಂಜೆ ಗಾಳಿ ತಂಪಾದ ಮೇಲೆಯೇ ತೆರೆಯುವುದು. ನಡುವೆ ಬಂದ ನೆಂಟರು ಚಪ್ಪಲಿ ಬಿಡುವಷ್ಟರಲ್ಲಿ, "ಬೇಗ ಒಳಗ್ ಬನ್ರೀ, ಬಿಸಿಲ್ನೂ ಜೊತೇಗ್ ಕರ್ಕೊಂಡ್ ಬಂದ್ರಾ?" ಎಂದು ಬೈಸಿಕೊಳ್ಳಬೇಕು.

ಮೀಟರ್ ನೋಡಲು ಬಂದವನಿಗೂ ಒಮ್ಮೆ ಅನುಮಾನ ಬಂತು.

"ಏನಮ್ಮಾ, ಮೀಟ್ರು ತಿರುಗ್ತಾನೇ ಇಲ್ವಲ್ಲ?"

"ಮನೆ ತಣ್ಣಗೈತಲ್ಲಪ್ಪಾ, ಅದೂ ಮಲಗೈತೆ. ಎಬ್ಬಿಸ್ಬ್ಯಾಡ!"

ಇಂಥವರ ಮನೆಗೆ ನಾನು ತರೀಕೆರೆಯಿಂದ ಎ.ಸಿ. ಹೊರಿಸಿಕೊಂಡು ಹೋದೆ. ನನ್ನ ಹೆಂಡತಿಗೆ ತಾಯಿ ಇಲ್ಲ. ಮಾರ್ಚ್ ಕೊನೆಗೆ ಹೆರಿಗೆ, ಬಾಣಂತನ ಅತ್ತೆಯದೇ. ಹಸುಗೂಸು ಕಡೂರಿನ ಸೆಕೆಯಲ್ಲಿ ಬೇಯಬೇಕೇ? ಫಿಟ್ ಮಾಡಲು ಬಂದವನು ಡ್ರಿಲ್ ಎತ್ತಿದ್ದೇ ತಡ, ಅತ್ತೆ ಗೋಡೆಗೆ ಬೆನ್ನು ಕೊಟ್ಟು ನಿಂತುಬಿಟ್ಟರು.

"ಗೋಡೆ ತೂತ್ ಮಾಡೋ ಮುಂಚೆ ನನ್ನ ತೂತ್ ಮಾಡು!"

"ಮಗೀಗೋಸ್ಕರ ಕಣತ್ತೆ..."

"ಮಗೀಗೋಸ್ಕರಾನೇ ಬ್ಯಾಡ ಅಂತಿರೋದು. ಕರೆಂಟ್ ಹೋದ್ರೆ ನಿನ್ ಮಿಷನ್‌ಗೆ ಯಾರ್ಲಾ ಗಾಳಿ ಬೀಸ್ತಾರೆ?"

ಡ್ರಿಲ್ಲಿನವನು ಕಾಫಿ ಕುಡಿದು ಜಾಗ ಖಾಲಿ ಮಾಡಿದ. ನನಗೆ ಸಿಟ್ಟು ನೆತ್ತಿಗೇರಿತ್ತು. "ಏನತ್ತೆ ಇದು ಹುಚ್ಚು? ಚಿಂದಿ ತುರುಕಿ ಮಗು ಸಾಕೋಕಾಗುತ್ತಾ?" ಎಂದು ಕೂಗಾಡಿದೆ.

ಅತ್ತೆ ಬಾಗಿಲ ಸುರುಳಿ ಸರಿಮಾಡುತ್ತಾ ತಲೆಯೆತ್ತದೆ ಹೇಳಿದರು: "ನಂಗೂ ಒಂದ್ ಹೆಣ್ಮಗು ಇತ್ತು ಕಣೋ, ನೀನ್ ಹುಟ್ಟೋಕ್ ಮುಂಚೆ. ಅಜ್ಜಂಪುರದಾಗೆ ಬಾಡಿಗೆ ಮನೆ, ತಲೆ ಮೇಲೆ ತಗಡು. ಫ್ಯಾನ್ ಇತ್ತು, ಕರೆಂಟ್ ಇರ್ಲಿಲ್ಲ. ಹನ್ನೊಂದ್ ದಿನ ಇತ್ತು ಮಗು."

ಅತ್ತೆಗೆ ಮಕ್ಕಳೇ ಆಗಲಿಲ್ಲವೆಂದು ನಾನು ಇಷ್ಟು ವರ್ಷ ತಿಳಿದಿದ್ದೆ. ನಾಚಿಕೆಯಾಗಿ, ತಾರಸಿ ಹತ್ತಿ ಇನ್ನೊಂದು ಸಾಲು ಗರಿ ಹೊದಿಸಿದೆ.

ಈಗ ಏಪ್ರಿಲ್, ಸುಡು ಮಧ್ಯಾಹ್ನ. ಕರೆಂಟ್ ಹೋಗಿದೆ. ನನ್ನ ಮಗಳು ತೊಟ್ಟಿಲಲ್ಲಿ ಹಾಯಾಗಿ ಮಲಗಿದ್ದಾಳೆ. ಅತ್ತೆ ಅವಳ ಕತ್ತಿನ ಹಿಂದೆ ಬೆರಳಿಟ್ಟು ನೋಡುತ್ತಾರೆ, ಮತ್ತೆ ನೋಡುತ್ತಾರೆ. "ಬೆವ್ತೇ ಇಲ್ಲ ಕಣೋ," ಎಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಆ ಗೋಡೆಗೆ ತೂತು ಕೊರೆಯಲು ಈಗ ಯಾರಾದರೂ ಬರಲಿ ನೋಡೋಣ! ಅತ್ತೆಯ ಪಕ್ಕದಲ್ಲಿ ನಾನೂ ಬೆನ್ನು ಕೊಟ್ಟು ನಿಂತಿರುತ್ತೇನೆ.